ಇಲ್ಲೇ ಯಾರೋ ಅಂದ್ರು

ಹುಬ್ಬಳ್ಳಿಯಲ್ಲಿ ಬಾಡಿಗೆಗೆ ಮನೆ ನೋಡುವವರು ಮೊದಲು ಕೇಳುವುದು ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು. ಬಾಡಿಗೆ, ಗಾಳಿ ಬೆಳಕು, ಬಸ್ ಸ್ಟಾಪು ಎಲ್ಲ ಆಮೇಲೆ. ನಾಲ್ಕು ದಿನಕ್ಕೊಮ್ಮೆ ಅಂದರೆ ಒಳ್ಳೆಯ ಓಣಿ. ಐದಾರು ದಿನ ಅಂದರೆ ನಡೆಯುತ್ತದೆ. ಎಂಟು ಅಂದರೆ ಕೇಳಿದವರು "ವಿಚಾರ ಮಾಡಿ ಹೇಳ್ತೇವ್ರಿ" ಎಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಇಲ್ಲಿಯ ಮಂದಿ ತಮ್ಮ ನೀರಿನ ದಿನದ ಜೊತೆಗೆ ಬೀಗರ ನೀರಿನ ದಿನವನ್ನೂ ನೆನಪಿಟ್ಟುಕೊಂಡಿರುತ್ತಾರೆ. ಆ ದಿನ ಯಾರೂ ಯಾರ ಮನೆಗೂ ಹೋಗುವುದಿಲ್ಲ. ನಿಶ್ಚಯಕ್ಕೆ ಯಾಕೆ ಬರಲಿಲ್ಲ ಎಂದು ಕೇಳಿದರೆ "ನೀರ ಬಂದಿತ್ರಿ" ಎಂದರೆ ಸಾಕು, ಮುನಿಸು ಅಲ್ಲಿಗೇ ಮುಗಿಯುತ್ತದೆ.

ನಾನು ಮತ್ತು ಅವ್ವ ಧಾರವಾಡ ಬಿಟ್ಟು ಇಲ್ಲಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ನಡುವಿನ ದೂರ ಇಪ್ಪತ್ತು ಕಿಲೋಮೀಟರು. ಹೊರಗಿನವರು ಎರಡೂ ಊರುಗಳನ್ನು ಒಂದೇ ಉಸಿರಿನಲ್ಲಿ ಅಂದುಬಿಡುತ್ತಾರೆ. ಮಾಳಮಡ್ಡಿಯ ಒಂದೇ ಬಾಡಿಗೆ ಮನೆಯಲ್ಲಿ ಮೂವತ್ತೆಂಟು ವರ್ಷ ಕಳೆದ ಅವ್ವನ ಪಾಲಿಗೆ ಹುಬ್ಬಳ್ಳಿ ಅಂದರೆ ಪೇಟೆ. ಹೋಗಬೇಕು, ಸೀರೆಯೋ ಪಾತ್ರೆಯೋ ಕೊಳ್ಳಬೇಕು, ಹೊತ್ತು ಮುಳುಗುವುದರೊಳಗೆ ತಿರುಗಿ ಬರಬೇಕು. ಪೇಟೆಯಲ್ಲಿ ಯಾರಾದರೂ ಸಂಸಾರ ಮಾಡುತ್ತಾರೆಯೇ?

ಆದರೆ ನನ್ನ ಕೆಲಸ ಇದ್ದದ್ದು ಪೇಟೆಯಲ್ಲೇ. ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೂತು, ರೋಗಿಗಳು ಹೇಳಿದ್ದನ್ನೂ ವೈದ್ಯರು ಗೀಚಿದ್ದನ್ನೂ ಓದುವ ಹಾಗೆ ಬರೆದಿಡುತ್ತೇನೆ. ಒಂಬತ್ತು ವರ್ಷ ದಿನಾ ಬಸ್ಸಿನಲ್ಲಿ ಹೋಗಿ ಬಂದೆ. ಹೋದ ವರ್ಷ ಒಂದು ದಿನ ಮುಂಜಾನೆ ನಾನು ಹೊರಟು ಹೋದ ಮೇಲೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಪಕ್ಕದ ಮನೆಯವರಿಗೆ ಗೊತ್ತಾಗಲು ಒಂದು ತಾಸು ಹಿಡಿಯಿತು. ಬಿದ್ದಲ್ಲಿಂದಲೇ ಆಕೆ "ತ್ರಾಸ ಇಲ್ಲಂದ್ರ ಒಂದ ನಿಮಿಷ ಬಂದ ಹೋಗ್ತೀರೇನ್ರಿ" ಎಂದು ಕರೆಯುತ್ತಿದ್ದಳಂತೆ. ಇಷ್ಟು ಮೆತ್ತಗೆ ಕರೆದರೆ ಯಾರಿಗೆ ಕೇಳಬೇಕು? ಮೂಳೆ ಮುರಿದಿರಲಿಲ್ಲ, ಮೊಣಕಾಲು ಮಾತ್ರ ಕೈಕೊಟ್ಟಿತು. ಅವತ್ತೇ ನಿರ್ಧರಿಸಿದೆ, ಆಸ್ಪತ್ರೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಮಾಡಬೇಕೆಂದು. ಅಪ್ಪ ತೀರಿಕೊಂಡು ಬಹಳ ಕಾಲವಾಗಿದೆ. ಮನೆಯಲ್ಲಿ ಇರುವುದು ನಾವಿಬ್ಬರೇ.

ಅವ್ವನ ಆ ಕರೆಯನ್ನು ತಮಾಷೆಗೆಂದು ಬರೆದಿಲ್ಲ. ಮುಂದೆ ನಾನು ಮಾಡಿದ್ದು ತಿಳಿಯಬೇಕಾದರೆ ನಮ್ಮ ಮನೆಯ ಮಾತಿನ ರೀತಿ ಗೊತ್ತಿರಬೇಕು. ಅವ್ವ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದಳು. ಅಮ್ಮಿನಬಾವಿಯಲ್ಲಿ ಶುರುಮಾಡಿ ಧಾರವಾಡದಲ್ಲಿ ನಿವೃತ್ತಳಾದಳು. ಯಾರಿಗೂ ಮುಖದ ಮೇಲೆ ಇಲ್ಲ ಅನ್ನಬಾರದು, ಹಿರಿಯರ ಮಾತನ್ನು ಸುಳ್ಳು ಅನ್ನಬಾರದು ಎಂದು ಕಲಿಸಿದವಳು. ಹಾಗಾದರೆ ಅನುಮಾನ ಬಂದಾಗ ಏನು ಮಾಡಬೇಕು? ಅದಕ್ಕೂ ಒಂದು ದಾರಿ ಇತ್ತು. ಕಾಯಿಪಲ್ಲೆಯವನ ಕೊತ್ತಂಬರಿ ಕೊಳೆತಿದ್ದರೆ, "ಯಾರೋ ಅಂತಿದ್ರು, ಈ ಸಲ ಮಳಿಗೆ ಕೊತ್ತಂಬ್ರಿ ಲಗೂ ಕೆಡ್ತದಂತ, ಖರೇ ಏನ್ರಿ?" ದರ್ಜಿ ತಡಮಾಡಿದರೆ, "ಹಬ್ಬದ ಮುಂದ ನಿಮಗ ಭಾಳ ಕೆಲಸ ಅಂತ ಇಲ್ಲೇ ಯಾರೋ ಅಂದ್ರು." ಹೀಗೆ ಹೇಳುವುದನ್ನು ಸುತ್ತಲಿನವರು ಸಭ್ಯತೆ ಎಂದು ಹೊಗಳುತ್ತಿದ್ದರು, ನಾವೂ ಹಾಗೆಯೇ ತಿಳಿದಿದ್ದೆವು. ನಮ್ಮ ಅನುಮಾನವನ್ನು ನಾವು ಹೊರುತ್ತಿರಲಿಲ್ಲ, ಇಲ್ಲದ ಒಬ್ಬರ ತಲೆಯ ಮೇಲೆ ಇಡುತ್ತಿದ್ದೆವು. ಆ ಒಬ್ಬರು ನಿಜಕ್ಕೂ ಇದ್ದುಬಿಟ್ಟರೆ ಏನಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ.

ಮನೆ ಹುಡುಕಲು ಐದು ಭಾನುವಾರ ತಿರುಗಿದೆವು. ಅವ್ವ ಆಟೋದಲ್ಲಿ ಕೂತೇ ತೀರ್ಪು ಕೊಡುತ್ತಿದ್ದಳು. ವಿದ್ಯಾನಗರದಲ್ಲಿ ನೋಡಿದ ಮನೆಗೆ ಇಪ್ಪತ್ತೆರಡು ಮೆಟ್ಟಿಲು. "ಹತ್ತಿದ ಮ್ಯಾಲೆ ಇಳಿಯೋದು ಯಾವಾಗ? ನಾಕ ಮಂದಿ ಹೊತ್ತಾಗೇನು?" ಕೇಶ್ವಾಪುರದ ಕಡೆಯ ಮನೆಯ ಅಡಿಗೆಮನೆಗೆ ಕಿಟಕಿ ಇರಲಿಲ್ಲ. "ಇಲ್ಲಿ ಒಗ್ಗರಣಿ ಹಾಕಿದ್ರ ಮೊದಲ ನಾವ ಸೀನಬೇಕು." ನವನಗರ ಎರಡೂ ಊರಿನ ನಡುವೆ ಇದೆ, ಗಿಡಮರ ಇವೆ, ಅವ್ವನಿಗೆ ಹಿಡಿಸಿತು. ಆದರೆ ಅಲ್ಲಿಂದಲೂ ನನಗೆ ಬಸ್ಸು ತಪ್ಪುತ್ತಿರಲಿಲ್ಲ. ಬಸ್ಸಿನಿಂದ ತಪ್ಪಿಸಿಕೊಳ್ಳಲೆಂದೇ ನಾವು ಮನೆ ಬಿಡುತ್ತಿದ್ದದ್ದು.

ಆರನೆಯ ಭಾನುವಾರ ಈ ಮನೆ ಸಿಕ್ಕಿತು. ಓಣಿಯ ಹೆಸರು ಬರೆಯುವುದಿಲ್ಲ. ಆಸ್ಪತ್ರೆಯಿಂದ ಏಳು ನಿಮಿಷದ ನಡಿಗೆ. ಒಂದೇ ಅಂತಸ್ತಿನ ಹಳೆಯ ಕಟ್ಟಡ, ಮೂರು ಭಾಗ. ಒಂದು ಮಗ್ಗುಲಲ್ಲಿ ಮಾಲೀಕರು. ಮುಂದಿನ ಎರಡು ಖೋಲಿ ಮತ್ತು ಅಡಿಗೆಮನೆ ನಮಗೆ ತೋರಿಸಿದ ಭಾಗ. ಹಿಂದೆ ಒಂದು ಖೋಲಿ, ಅದರಲ್ಲಿ ಬ್ಲೌಸ್ ಹೊಲಿಯುವ ಒಬ್ಬ ಹೆಂಗಸು. ಬಾಡಿಗೆಯ ಎರಡೂ ಭಾಗಕ್ಕೆ ನೆಲದಡಿಯ ತೊಟ್ಟಿ ಒಂದೇ. ಮಾಲೀಕರಿಗೆ ತಮ್ಮದೇ ಬೇರೆ ತೊಟ್ಟಿ ಇತ್ತು. ಈ ತೊಟ್ಟಿ ಮುಂದಿನ ಮನೆಗೂ ಹಿಂದಿನ ಖೋಲಿಗೂ ಕೂಡಿ.

ಮಾಲೀಕರು ಎಪ್ಪತ್ತು ದಾಟಿದವರು. ಹತ್ತಿ ವ್ಯಾಪಾರ ಮಾಡಿ ಈಗ ಬಿಟ್ಟಿದ್ದರು. ಹಣೆಗೆ ಮೂರು ಬೆರಳಿನ ವಿಭೂತಿ, ಮೈಮೇಲೆ ಇಸ್ತ್ರಿಯ ಬಿಳಿ ಅಂಗಿ. ಓಣಿಯೆಲ್ಲ ಅವರನ್ನು ಕಾಕಾ ಅನ್ನುತ್ತಿತ್ತು. ಅವ್ವ ಶಿಕ್ಷಕಿಯಾಗಿದ್ದಳೆಂದು ತಿಳಿದ ಕೂಡಲೇ ಎದ್ದು ನಿಂತು, "ಅಕ್ಕೋರ, ನೀವ ಕುರ್ಚಿ ಮ್ಯಾಲೆ ಕುಂಡ್ರ್ರಿ. ಸಾಲಿ ಕಲಿಸಿದವರು ನಿಂತು ನಾವ ಕುಂತ್ರ ಹೆಂಗ?" ಎಂದರು. ಅವ್ವನಿಗೆ ಆ ಮನೆ ಆಗಲೇ ಅರ್ಧ ಒಪ್ಪಿಗೆಯಾಯಿತು.

"ನೀರ ಹೆಂಗ್ರಿ?" ಎಂದು ನಾನು ಕೇಳಿದೆ.

"ನಾಕ ದಿನಕ್ಕೊಮ್ಮಿ. ಭಾಳಂದ್ರ ಐದು. ಈ ಓಣಿಗೆ ನೀರಿನ ತ್ರಾಸ ಇಲ್ಲ ನೋಡ್ರಿ" ಎಂದರು ಕಾಕಾ. ಚಹಾ ಹೇಳಿ ಬರುತ್ತೇನೆಂದು ಒಳಗೆ ಹೋದರು.

ನಾವು ಹಿತ್ತಲು ನೋಡುವ ನೆಪದಲ್ಲಿ ಹಿಂದಕ್ಕೆ ಹೋದೆವು. ಆ ಹೆಂಗಸು ಬಾಗಿಲಲ್ಲಿ ಮಷಿನ್ನಿನ ಮುಂದೆ ಕೂತಿದ್ದಳು. ನಲವತ್ತೈದು ಇರಬಹುದು, ನನಗಿಂತ ಸ್ವಲ್ಪವೇ ದೊಡ್ಡವಳು. ಕೊರಳಲ್ಲಿ ಟೇಪು. ಹಗ್ಗದ ಮೇಲೆ ಸಾಲಾಗಿ ತೂಗುಹಾಕಿದ ಬ್ಲೌಸುಗಳು, ಪ್ರತಿಯೊಂದಕ್ಕೂ ಚೀಟಿ ಚುಚ್ಚಿತ್ತು. ಅವ್ವ ಗೋಡೆ ಹಿಡಿದು ನಡೆಯುವುದನ್ನು ನೋಡಿ ಆಕೆ ತಾನು ಕೂತಿದ್ದ ಸ್ಟೂಲು ಸರಿಸಿ ಕೊಟ್ಟಳು.

"ಮನಿ ನೋಡಾಕ ಬಂದೀರೇನ್ರಿ? ಛಲೋ ಓಣಿ ಐತ್ರಿ, ಮಂದಿ ಛಲೋ ಅದಾರ. ನಾ ಹದಿನಾಕ ವರ್ಷ ಆತು. ಇಲ್ಲಿ ಎಲ್ಲಾರ ಅಳತಿ ನನಗ ಬಾಯಿಪಾಠ ನೋಡ್ರಿ. ಯಾರ ದಪ್ಪ ಆಗ್ಯಾರ ಅಂತ ಅವರ ಗಂಡಂದ್ರಕಿಂತ ಮೊದಲ ನನಗ ಗೊತ್ತ."

ಅವ್ವ ನಕ್ಕಳು. ನಾನು ದನಿ ಇಳಿಸಿ ಕೇಳಿದೆ, "ನೀರು ನಾಕ ದಿನಕ್ಕ ಬರ್ತದ ಏನ್ರಿ?"

ಆಕೆ ಅವ್ವನ ಮೊಣಕಾಲು ನೋಡಿ ಹೇಳಿದಳು. "ಎಂಟ ದಿನಕ್ರಿ ಅಕ್ಕಾರ. ಒಮ್ಮೊಮ್ಮಿ ಒಂಬತ್ತು. ಕಾಕಾ ಸುಳ್ಳ ಹೇಳೂ ಮನಿಷಾ ಅಲ್ರಿ, ಅವರ ತೊಟ್ಟಿ ದೊಡ್ಡದೈತಿ, ಅವರಿಗೆ ಗೊತ್ತಾಗಂಗಿಲ್ಲ. ನಮ್ಮದು ಸಣ್ಣದು. ಆರನೇ ದಿನಕ್ಕ ತಳಾ ಕಾಣ್ತೈತಿ. ಆಮ್ಯಾಲೆ ಕೊಡಾ ಹೊರೂದ. ಇವರಿಗೆ ಆಗಂಗಿಲ್ಲಲ್ರಿ, ಅದಕ್ಕ ಹೇಳಿದ್ನಿ."

ಅದಾದ ಮೇಲೆ ಆಕೆ "ನಾ ಹೇಳಿದ್ನಿ ಅಂತ ಕಾಕಾರ ಮುಂದ ಅನಬ್ಯಾಡ್ರಿ" ಎಂದಳು. ನಾನು "ಛೇ, ಹಂಗ ಹೆಂಗ ಹೇಳ್ತೇವ್ರಿ" ಎಂದೆ.

ಇಲ್ಲಿ ನಿಲ್ಲಬೇಕು. ಈ ಕೊನೆಯ ಎರಡು ಮಾತು ನನಗೆ ಸ್ಪಷ್ಟವಾಗಿ ನೆನಪಿವೆ. ಆಕೆಯ ದನಿ, ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡದ್ದು, ಎಲ್ಲ. ಆದರೆ ಅವ್ವ ಹೇಳುವುದು ಬೇರೆ. ಆಕೆ ಹಾಗೆ ಕೇಳಿಕೊಳ್ಳಲೇ ಇಲ್ಲವಂತೆ. "ಯಾಕ ಕೇಳ್ಕೋಬೇಕು? ತಿಳದವರು ಅದನ್ನ ಹೇಳಂಗಿಲ್ಲ ಅಂತ ಆಕಿ ನಂಬಿದ್ಲು" ಎಂದು ಅವ್ವ ಅನ್ನುತ್ತಾಳೆ. ಅವ್ವನ ನೆನಪು ನಿಜವಾದರೆ, ನಾನು ಕೊಟ್ಟು ಮುರಿದ ಮಾತು ಯಾವುದೂ ಇಲ್ಲ. ಹಾಗಾದರೆ ಆ ಮಾತನ್ನು ನಾನೇ ಹುಟ್ಟಿಸಿಕೊಂಡೆನೇ? ವಚನಭಂಗದ ತಪ್ಪಿಗೆ ಒಂದು ದೊಡ್ಡತನ ಇರುತ್ತದೆ, ಅದನ್ನು ಬರೆಯಬಹುದು. ಒಬ್ಬಳು ನಂಬಿ ಹೇಳಿದ್ದನ್ನು ಐದು ನಿಮಿಷವೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ ಎಂಬುದು ತೀರ ಸಣ್ಣ ತಪ್ಪು, ಬರೆಯಲು ನಾಚಿಕೆ. ಟೇಪಿನ ತುದಿ ಬೆರಳಿಗೆ ಸುತ್ತಿಕೊಂಡದ್ದೂ ನಾನು ಸೇರಿಸಿದ್ದೇ ಇರಬೇಕು. ಎರಡನ್ನೂ ಹೊಡೆದುಹಾಕದೆ ಬಿಟ್ಟಿದ್ದೇನೆ, ನನ್ನ ನೆನಪು ಹೇಗೆ ಕೆಲಸ ಮಾಡುತ್ತದೆ ಎಂದು ಕಾಣಲಿ.

ನಾವು ಮುಂದಿನ ಪಡಸಾಲೆಗೆ ತಿರುಗಿ ಬಂದಾಗ ಕಾಕಾ ಚಹಾ, ಚುರುಮುರಿ ತರಿಸಿದ್ದರು. ಮಾತು ಧಾರವಾಡದ ಶಾಲೆಗಳ ಕಡೆ ಹೋಯಿತು, ಮಳೆಯ ಕಡೆ ಹೋಯಿತು. ಆಮೇಲೆ ನಾನು ಹೇಳಿದೆ. ಯಾಕೆ ಹೇಳಿದೆ? ನೀರಿನ ಬಗ್ಗೆ ಖಾತ್ರಿ ಮಾಡಿಕೊಳ್ಳಲು ಅಂತ ಬಹಳ ದಿನ ಅಂದುಕೊಂಡಿದ್ದೆ. ಆದರೆ ಖಾತ್ರಿ ಆಗಲೇ ಆಗಿತ್ತು. ಧಾರವಾಡದಿಂದ ಬಂದ ಇಬ್ಬರು ಹೆಂಗಸರು, ಏನು ಹೇಳಿದರೂ ನಂಬುತ್ತಾರೆ ಎಂದು ಈ ಪೇಟೆಯ ಮನುಷ್ಯ ತಿಳಿಯಬಾರದು. ಅಷ್ಟೇ ಇದ್ದದ್ದು. ನಮಗೂ ಗೊತ್ತಿದೆ ಎಂದು ತೋರಿಸಬೇಕಿತ್ತು, ಮತ್ತು ಅದನ್ನು ಸಭ್ಯವಾಗಿ ತೋರಿಸಬೇಕಿತ್ತು.

"ಅಲ್ರಿ ಕಾಕಾ, ನೀರು ಎಂಟ ದಿನಕ್ಕ ಬರ್ತದಂತ ಇಲ್ಲೇ ಯಾರೋ ಅಂದ್ರು."

ಕಾಕಾ ಚಹಾದ ಬಸಿ ಕೆಳಗಿಟ್ಟರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಚ್ಚರವಾಗುತ್ತಿತ್ತು. "ಇಲ್ಲೇ ಅಂದ್ರ? ಹಿಂದ?" ಎಂದು ಕೇಳಿದರು.

ಆಗ ನಾನು ಏನು ಮಾಡಿದೆ ಎಂಬುದಕ್ಕೆ ನನ್ನಲ್ಲಿ ಮೂರು ನೆನಪುಗಳಿವೆ. ಒಂದರಲ್ಲಿ "ಅಯ್ಯ, ಬಿಡ್ರಿ, ಯಾರರೆ ಆಗ್ಲಿ" ಎಂದು ನಗುತ್ತೇನೆ. ಇನ್ನೊಂದರಲ್ಲಿ ಚುರುಮುರಿ ಬಾಯಿಗೆ ಹಾಕಿಕೊಳ್ಳುತ್ತೇನೆ. ಮೂರನೆಯದರಲ್ಲಿ "ಇಲ್ರಿ, ಬಸ್ಸಿನ್ಯಾಗ ಯಾರೋ" ಎಂದು ಸುಳ್ಳು ಹೇಳಿ ಆಕೆಯನ್ನು ಉಳಿಸುತ್ತೇನೆ. ಮೂರನೆಯದು ಈಚೆಗೆ ಬಂದದ್ದು, ಅದನ್ನು ನಾನೇ ನಂಬುವುದಿಲ್ಲ. ಅವ್ವನನ್ನು ಕೇಳಿದರೆ ಆಕೆಗೆ ಒಂದೇ ನೆನಪು. "ನೀ ಹೊಳ್ಳಿ ಹಿತ್ತಲ ಬಾಗಲಾ ನೋಡಿದಿ."

ಅಷ್ಟೇ. ಹೆಸರು ಹೇಳಲಿಲ್ಲ. ತಿರುಗಿ ನೋಡಿದೆ.

ಮನೆ ಗೊತ್ತು ಮಾಡಿಕೊಂಡೆವು. ಎಂಟು ದಿನವಾದರೂ ಆಗಲಿ, ನಾನು ಕೊಡ ಹೊರುತ್ತೇನೆ, ಆಸ್ಪತ್ರೆ ಹತ್ತಿರವಿದೆ ಎಂದು ಅವ್ವನನ್ನು ಒಪ್ಪಿಸಿದ್ದೆ. ಮುಂದಿನ ತಿಂಗಳು ಸಾಮಾನು ಹೇರಿಕೊಂಡು ಬಂದಾಗ ಹಿಂದಿನ ಖೋಲಿಗೆ ಕೀಲಿ ಹಾಕಿತ್ತು. ಹಗ್ಗದ ಮೇಲೆ ಬ್ಲೌಸುಗಳಿರಲಿಲ್ಲ. ಮಷಿನ್ನು ಇಟ್ಟಿದ್ದ ಜಾಗದಲ್ಲಿ ನೆಲದ ಬಣ್ಣ ಬೇರೆ ಇತ್ತು. ಊರಿಗೆ ಹೋಗಿರಬೇಕು ಎಂದುಕೊಂಡೆ. ಖರೇ ಹೇಳಬೇಕೆಂದರೆ, ಹಾಗೆ ಅಂದುಕೊಳ್ಳಲು ಪ್ರಯತ್ನ ಮಾಡಿದೆ.

ಸಂಜೆ ಕಾಕಾ ಬಂದು ತೊಟ್ಟಿಯ ಮುಚ್ಚಳ ತೆಗೆದು ತೋರಿಸಿದರು. ಬಾಯಿತನಕ ನೀರು.

"ಇನ್ನ ನಿಮಗ ತ್ರಾಸ ಇಲ್ಲ ನೋಡ್ರಿ. ಎರಡ ಮನಿಗೆ ಆರ ದಿನಾ ಬರ್ತಿತ್ತು. ಒಂದ ಮನಿಗೆ ಹನ್ನೆರಡ ದಿನಾ ಬರ್ತೈತಿ. ಎಂಟ ದಿನಕ್ಕ ಬಂದ್ರೂ ಉಳೀತೈತಿ."

"ಹಿಂದಿನವ್ರು?"

"ಬಿಡಿಸಿದೆ." ಅವರು ಮುಚ್ಚಳ ಮುಚ್ಚಿ ಕೈ ಒರೆಸಿಕೊಂಡರು. "ನೀವ ಕೇಳಿದ್ದು ಛಲೋ ಆತು. ನನಗ ಖರೇನ ಗೊತ್ತಿದ್ದಿಲ್ಲ. ಹದಿನಾಕ ವರ್ಷ ಇದ್ದಾಕಿ ನನಗೊಂದ ಮಾತ ಹೇಳಿಲ್ಲ, ಹೊಸಬ್ರ ಮುಂದ ಹೇಳಿದ್ಲು. ನನ್ನ ಮಾತ ಸುಳ್ಳ ಆತಲ್ರಿ ನಿಮ್ಮ ಮುಂದ? ಅದಕ್ಕ ಕೆಟ್ಟ ಅನಿಸ್ತು. ಇರ್ಲಿ. ಅಕ್ಕೋರ ಕಾಲ ನೋವು, ಅವರಿಗೆ ನೀರ ಹೊರೂ ಪ್ರಸಂಗ ಬರಬಾರ್ದು."

ಅವರ ದನಿಯಲ್ಲಿ ದ್ವೇಷ ಇರಲಿಲ್ಲ. ನಮಗೊಂದು ಉಪಕಾರ ಮಾಡಿದ ಸಮಾಧಾನ ಇತ್ತು. ನಾನು ಆಗಲೇ, ಆ ತೊಟ್ಟಿಯ ಬಳಿಯೇ, ಆಕೆಯನ್ನು ಕರೆಸಿರಿ ಎಂದು ಹೇಳಬಹುದಿತ್ತು. ಹೊರಗೆ ಟೆಂಪೋದವನು ಕಪಾಟು ಇಳಿಸಲು ಕರೆಯುತ್ತಿದ್ದ. ಅದನ್ನೇ ನೆಪ ಮಾಡಿ ಹೋದೆ. ಆಕೆ ನೀರು ಸಾಲದೆಂದು ನಿಜ ಹೇಳಿದಳು. ನನ್ನ ಬಾಯಿಂದ ಅದು ದೂರಾಯಿತು. ದೂರಿಗೆ ಕಾಕಾ ಪರಿಹಾರ ಕಂಡುಹಿಡಿದರು. ಆ ಪರಿಹಾರದಲ್ಲಿ ನಾನು ಸ್ನಾನ ಮಾಡುತ್ತೇನೆ.

ಒಂದು ವಾರದೊಳಗೆ ಓಣಿಯ ಹೆಂಗಸರು ಬಂದು ಪರಿಚಯ ಮಾಡಿಕೊಂಡರು. ಎಲ್ಲರೂ ಮಾತಿನ ನಡುವೆ ಒಮ್ಮೆ ಆ ಖೋಲಿಯ ಕಡೆ ನೋಡುತ್ತಿದ್ದರು. "ಆಕಿ ಹೋದ ಮ್ಯಾಲೆ ನಮ್ಮ ಜಂಪರಾ ಕೆಟ್ಟ ಹೋದ್ವು ನೋಡ್ರಿ. ಪ್ಯಾಟಿಯಾಗ ಕೊಟ್ರ ತೋಳ ಒಂದ ಕಡಿ, ಕೊಳ್ಳ ಒಂದ ಕಡಿ." ಯಾಕೆ ಹೋದಳು ಎಂದು ಅವರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ನನ್ನ ಮುಂದೆ ಹೇಳಲಿಲ್ಲ. ಅವರಲ್ಲೇ ಒಬ್ಬರಿಂದ ಆಕೆಯ ಫೋನ್ ನಂಬರು ಪಡೆದೆ. ಬ್ಲೌಸ್ ಹೊಲಿಸುವುದಿದೆ ಎಂದು ಹೇಳಿ ಪಡೆದೆ.

ಆ ನಂಬರನ್ನು ಎರಡು ತಿಂಗಳು ಇಟ್ಟುಕೊಂಡೆ. ಅವ್ವ ಪ್ರತಿ ಭಾನುವಾರ ಕೇಳುತ್ತಿದ್ದಳು, "ಹೋಗಿದ್ದೇನು?" ಇಲ್ಲವೆಂದರೆ ಮತ್ತೇನೂ ಅನ್ನುತ್ತಿರಲಿಲ್ಲ. ಒಮ್ಮೆ ಮಾತ್ರ, ಬಕೆಟ್ಟಿನಲ್ಲಿ ನೀರು ತುಂಬಿ ಹೊರಗೆ ಹರಿಯುತ್ತಿದ್ದಾಗ, "ಕಾಕಾಗ ಹೇಳಿ ಆಕೀನ್ನ ಕರಸು. ಆರ ದಿನಾ ಬಂದ್ರ ಸಾಕು, ಆಮ್ಯಾಲಿಂದ ಎರಡ ದಿನಾ ನಾ ಕೈಕಾಲ ತೊಳಕೊಂಡ ಇರ್ತೇನಿ" ಎಂದಳು. ಮೊಣಕಾಲು ಅವ್ವನದು, ಮನೆ ಬದಲಿಸಿದ್ದು ಆಕೆಗಾಗಿ. ಆಕೆಯೇ ಹೀಗೆ ಹೇಳಿದ ಮೇಲೆ ನನಗೆ ಯಾವ ಕಾರಣವೂ ಉಳಿಯಲಿಲ್ಲ.

ಹೋದೆ. ಬೈಪಾಸಿನ ಆಚೆ, ಇನ್ನೂ ರಸ್ತೆಗೆ ಡಾಂಬರು ಬೀಳದ ಒಂದು ಹೊಸ ಬಡಾವಣೆ. ನಾಲ್ಕು ಮನೆ, ಆಮೇಲೆ ಖಾಲಿ ಜಾಗ, ಮತ್ತೆ ಎರಡು ಮನೆ. ಕೊನೆಯ ಸ್ಟಾಪಿನಲ್ಲಿ ಇಳಿದು ಬಹಳ ನಡೆಯಬೇಕಾಯಿತು. ಆಕೆ ಕಿಟಕಿಯಲ್ಲಿ ನನ್ನನ್ನು ನೋಡಿ ಎದ್ದು ಬಂದಳು. ಮಷಿನ್ನು ಮೂಲೆಯಲ್ಲಿತ್ತು. ಹಗ್ಗದ ಮೇಲೆ ಎರಡೇ ಬ್ಲೌಸು.

"ಬರ್ರಿ ಅಕ್ಕಾರ. ಅವ್ವಾರ ಹೆಂಗದಾರ? ಕಾಲ ಹೆಂಗೈತಿ?"

"ಛಲೋ ಅದಾರ್ರಿ."

ಬಟ್ಟೆ ಕೊಟ್ಟೆ. ಆಕೆ ಅಳತೆ ತೆಗೆದುಕೊಂಡಳು. ಟೇಪು ಬೆನ್ನ ಮೇಲೆ ಹಾಯುತ್ತಿದ್ದಾಗ, ಮುಖ ಕಾಣದಿದ್ದದ್ದರಿಂದ ಧೈರ್ಯ ಬಂದು ನಾನು ಶುರುಮಾಡಿದೆ. "ಕಾಕಾ ನಿಮಗ ಬಿಡಿಸಿದ್ದು... ಅವರಿಗೆ ಯಾರೋ ಏನೋ ಹೇಳಿದ್ರಂತ ಕಾಣ್ತದ."

ಟೇಪು ನಿಂತಿತು.

"ಯಾರೋ ಅಲ್ರಿ, ನೀವ ಹೇಳಿದ್ರಿ" ಎಂದಳು ಆಕೆ. "ಕಾಕಾ ನನಗ ಆವತ್ತ ಸಂಜಿಮುಂದ ಬಂದ ಹೇಳಿದ್ರು. ಕೈ ಎತ್ರಿ."

ಕೈ ಎತ್ತಿದೆ. ಆಕೆ ತೋಳಿನ ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಂಡಳು. ನಾನು ತಪ್ಪಾಯಿತು ಎಂದೆ. ಆ ಶಬ್ದವನ್ನೇ ಅಂದೆನೋ, ಅದರ ಸುತ್ತಮುತ್ತಲಿನದು ಏನಾದರೂ ಅಂದೆನೋ, ಹೇಳಲಾರೆ. ಆಕೆ ಅದನ್ನು ಹಿಡಿದು ಕೂರಲಿಲ್ಲ.

"ಇಲ್ಲಿ ಟ್ಯಾಂಕರ್ ನೀರ್ರಿ. ನೀರಿಂದೇನೂ ಇಲ್ಲ. ಗಿರಾಕಿ ಇಲ್ಲ. ಅಲ್ಲಿಂದ ಇಲ್ಲಿತನಾ ಒಂದ ಜಂಪರ್ ಹೊಲಸಾಕ ಯಾರ ಬರ್ತಾರ? ಫೋನ್ ಮಾಡ್ತಾರ, ಬರ್ತೇವಿ ಅಂತಾರ. ನೀವ ಬಂದ್ರಲ್ಲ, ನೀವ ಮೊದಲನೇದವ್ರು." ಆಮೇಲೆ ನನ್ನ ಮುಖ ನೋಡಿ ಕೇಳಿದಳು. "ನನ್ನ ಖೋಲಿ ಯಾರಿಗರೆ ಕೊಟ್ಟಾರೇನ್ರಿ?"

"ಇಲ್ರಿ, ಖಾಲಿ ಅದ."

"ಹಂಗಾರ ಕಾಕಾಗ ಒಂದ ಮಾತ ಹೇಳ್ರಿ. ನಾ ಕೇಳಿದ್ನಿ, ಆಗಂಗಿಲ್ಲ ಅಂದ್ರು. ಮುಂದಿನವ್ರು ನೀರ ಹಂಚ್ಕೊಳ್ಳಾಕ ತಯಾರಿದ್ರ ನಂದೇನೂ ಇಲ್ಲ ಅಂದ್ರು. ನೀವ ಹೂಂ ಅಂದ್ರ ಆತು. ದೀಪಾವಳಿ ಮೊದಲ ಬಂದ್ರ ಸೀಜನ್ ಸಿಗತೈತಿ. ಈ ಸೀಜನ್ ಹೋತಂದ್ರ ಅವರೆಲ್ಲಾ ಬ್ಯಾರೆ ಕಡೆ ರೂಢಿ ಆಗ್ತಾರ್ರಿ. ಆಮ್ಯಾಲೆ ನಾ ಬಂದೂ ಉಪಯೋಗಿಲ್ಲ."

ಹೇಳುತ್ತೇನೆ ಎಂದೆ. ಇದನ್ನು ಅಂದದ್ದು ಸ್ಪಷ್ಟವಾಗಿ ನೆನಪಿದೆ. ಇದಕ್ಕೆ ಮೂರು ನೆನಪುಗಳಿಲ್ಲ.

ಬಸ್ಸಿನಲ್ಲಿ ತಿರುಗಿ ಬರುವಾಗ ಮಾತು ಜೋಡಿಸಿಕೊಂಡೆ. ಮನೆಗೆ ಬಂದು ಕಾಕಾರನ್ನು ಕಾಣಲಿಲ್ಲ. ಮರುದಿನ ಅವರು ಪೂಜೆಯಲ್ಲಿದ್ದರು. ಅದರ ಮರುದಿನ ನೀರು ಬಂತು. ನೀರಿನ ದಿನ ಇಂಥ ಮಾತು ಆಡಬಾರದು ಎಂದುಕೊಂಡೆ. ತೊಟ್ಟಿ ತುಂಬಿತು, ಮೇಲಿನ ಟಾಕಿ ತುಂಬಿತು. ನಾನು ಹೊಸ್ತಿಲು ತೊಳೆದೆ, ಕಿಟಕಿ ತೊಳೆದೆ, ತೊಳೆಯುವ ಅಗತ್ಯವಿಲ್ಲದ ಚಾದರುಗಳನ್ನು ತೊಳೆದೆ. ಇದನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ: ನನಗೆ ಆ ನೀರು ಬೇಕಾಗಿತ್ತು. ಒಂಬತ್ತು ವರ್ಷ ಬಸ್ಸಿನ ಧೂಳು ಕುಡಿದ ಮೇಲೆ, ಕೆಲಸದಿಂದ ಏಳು ನಿಮಿಷದಲ್ಲಿ ಮನೆಗೆ ಬಂದು, ಅಳತೆ ಮಾಡದೆ ಮೈಮೇಲೆ ಸುರಿದುಕೊಳ್ಳುವುದು. ಹಿತ್ತಲಲ್ಲಿ ಯಾರೂ ಇಲ್ಲದಿರುವುದು. ಆಕೆ ತಿರುಗಿ ಬಂದರೆ ಆರನೆಯ ದಿನ ತೊಟ್ಟಿಯ ತಳ ಕಾಣುತ್ತದೆ. ಅಷ್ಟೇ ಅಲ್ಲ, ದಿನಾ ಹಿತ್ತಲ ಬಾಗಿಲು ತೆರೆದಾಗ ಆಕೆಯ ಮುಖವೂ ಕಾಣುತ್ತದೆ.

ಬ್ಲೌಸ್ ತರಲು ನಾನು ಹೋಗಲಿಲ್ಲ. ಆಕೆಯೇ ಓಣಿಗೆ ಬರುವ ಯಾರದೋ ಕೈಯಲ್ಲಿ ಕಳಿಸಿದಳು. ಸರಿಯಾಗಿ ಕೂತಿತು. ಒಂದೆರಡು ಸಲ ಫೋನು ಬಂತು. ಒಮ್ಮೆ ಎತ್ತಲಿಲ್ಲ. ಇನ್ನೊಮ್ಮೆ ಎತ್ತಿ, ಕಾಕಾ ಊರಲ್ಲಿಲ್ಲ ಎಂದೆ. ಕಾಕಾ ಆಗ ಎದುರಿನ ಕಟ್ಟೆಯ ಮೇಲೆ ಪೇಪರು ಓದುತ್ತ ಕೂತಿದ್ದರು.

ದೀಪಾವಳಿಗೆ ಹದಿನೈದು ದಿನ ಉಳಿದಾಗ, ಒಂದು ಮುಂಜಾನೆ ಕೆಲಸಕ್ಕೆ ಹೊರಟವಳನ್ನು ಕಾಕಾ ಅವರೇ ತಡೆದರು.

"ನಿಮ್ಮನ್ನೊಂದ ಕೇಳೂದಿತ್ತು. ಆ ಹಿಂದಿನಾಕಿ ಮತ್ತ ಫೋನ್ ಮಾಡಿದ್ಲು. ನೀವ ಹೂಂ ಅಂದೀರಿ ಅಂತ ಹೇಳಿದ್ಲು. ಖರೇ ಏನ್ರಿ?"

ಆಕೆ ನನ್ನ ಹೆಸರು ಹಿಡಿದೇ ಹೇಳಿದ್ದಳು. ನಾನು ಹೇಳುತ್ತೇನೆಂದು ಮಾತು ಕೊಟ್ಟದ್ದನ್ನು, ಹೂಂ ಅಂದದ್ದೆಂದೇ ತಿಳಿದಿದ್ದಳು.

"ಆಕಿ ಬಂದಿದ್ಲು... ಅಂದ್ರ, ನಾ ಹೋಗಿದ್ದೆ. ಕೇಳಿದ್ಲರಿ."

"ನೀವೇನಂತೀರಿ? ನೀರ ಅರ್ಧ ಆಗ್ತೈತಿ. ನಿಮಗ ನಡೀತದ ಅಂದ್ರ ಇವತ್ತ ಕೀಲಿ ಕೊಡ್ತೇನಿ. ನನಗ ಆಕಿ ಮ್ಯಾಲೆ ಈಗ ಸಿಟ್ಟಿಲ್ಲ."

ಕಾಕಾ ಕಾದರು. ಒಂದು ಹೂಂ ಸಾಕಿತ್ತು. ಎದುರಿಗೆ ಓಣಿ ತನ್ನ ಪಾಡಿಗೆ ತಾನಿತ್ತು. ಹಾಲಿನವನು, ಸ್ಕೂಟಿಯ ಮೇಲೆ ಮಕ್ಕಳು, ಕಸದ ಗಾಡಿಯ ಹಾಡು.

"ಅವ್ವನ್ನ ಒಂದ ಮಾತ ಕೇಳಿ ಹೇಳ್ತೇನ್ರಿ" ಎಂದೆ. ಆಮೇಲೆ, ಅಷ್ಟಕ್ಕೇ ನಿಲ್ಲದೆ, "ಅಕಿಗೆ ಕಾಲ ನೋವಲ್ರಿ, ನೀರ ಕಡಿಮಿ ಆದ್ರ ಹೆಂಗೋ ಏನೋ ಅಂತ..."

"ಹೌದ್ರಿ, ಹೌದು. ಅಕ್ಕೋರಿಗೆ ತ್ರಾಸ ಆಗಬಾರ್ದು" ಎಂದು ಕಾಕಾ ತಲೆ ಅಲ್ಲಾಡಿಸಿದರು. "ಆಗಂಗಿಲ್ಲ ಅಂತ ಹೇಳ್ತೇನಿ ಬಿಡ್ರಿ ಆಕಿಗೆ. ನಿಮಗ್ಯಾಕ ಸಂಕೋಚ."

ನಾನು ಇಲ್ಲ, ನಿಲ್ಲಿರಿ ಎನ್ನಲಿಲ್ಲ. ಅವರು ಒಳಗೆ ಹೋದರು.

ಟಿಫಿನ್ ಡಬ್ಬಿ ಮರೆತಿದ್ದೆ. ತರಲು ಒಳಗೆ ಬಂದೆ. ಅವ್ವ ಕಿಟಕಿಯ ಕೆಳಗೆ ಕುರ್ಚಿಯಲ್ಲಿ ಕೂತು, ಮೊರದಲ್ಲಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಕಿಟಕಿ ಪೂರ್ತಿ ತೆರೆದಿತ್ತು.

"ಕೇಳು ಮತ್ತ" ಎಂದಳು.

"ಏನ?"

"ನನ್ನ ಕೇಳಿ ಹೇಳ್ತೇನಿ ಅಂದಿಯಲ್ಲ. ಕೇಳು."

ಸೊಪ್ಪು ಸೋಸುವ ಕೈ ನಿಲ್ಲಲಿಲ್ಲ. ಎಲೆ ಒಂದು ಕಡೆ, ದಂಟು ಒಂದು ಕಡೆ. ನಲವತ್ತು ವರ್ಷ ಮಕ್ಕಳ ಉತ್ತರಕ್ಕಾಗಿ ಕಾದ ಹೆಂಗಸು ಅವಸರ ಮಾಡುವುದಿಲ್ಲ. ನಾನು ಡಬ್ಬಿ ತೆಗೆದುಕೊಂಡೆ, ಚೀಲಕ್ಕೆ ಹಾಕಿದೆ, ಹೊತ್ತಾಯಿತು ಎಂದೆ. ಕೆಲಸಕ್ಕೆ ಏಳು ನಿಮಿಷದ ದಾರಿ. ಹೊತ್ತಾಗಲು ಸಾಧ್ಯವೇ ಇರಲಿಲ್ಲ.

ಅವ್ವ ಮತ್ತೆ ಕೇಳಿಲ್ಲ. ದೀಪಾವಳಿ ಮುಗಿಯಿತು. ಓಣಿಯ ಹೆಂಗಸರು ಪೇಟೆಯಲ್ಲಿ ಬೇರೊಬ್ಬ ದರ್ಜಿಯನ್ನು ಹುಡುಕಿಕೊಂಡಿದ್ದಾರೆ, ತೋಳು ಈಗ ಪರವಾಗಿಲ್ಲ ಅನ್ನುತ್ತಾರೆ. ಮಲಗುವ ಮೊದಲು ಕೈಕಾಲು ತೊಳೆಯುವಾಗ ಅವ್ವ ಒಂದೇ ತಂಬಿಗೆ ನೀರು ತೆಗೆದುಕೊಳ್ಳುತ್ತಾಳೆ. ಬಕೆಟ್ಟು ತುಂಬಿಟ್ಟಿದ್ದರೂ ಒಂದೇ ತಂಬಿಗೆ.